ಟ್ರೇಲರ್‌ನ ಹಿಂಭಾಗ ನೆಲಕ್ಕೆ ಉಜ್ಜುತ್ತಿದೆ: ಸ್ಪ್ರಿಂಗನ್ನು ಆ್ಯಕ್ಸಲ್‌ನ ಮೇಲೆ ಕೂರಿಸಬಹುದೇ?

ಪ್ರಶ್ನೆ: ಮುಠಾತೀರ (ಬಾಣೇರ್, ಪುಣೆ)

ಮಾನ್ಯರೇ, ನಾನು ಮೂಲತಃ ಧಾರವಾಡದವನು, ಹದಿನಾಲ್ಕು ವರ್ಷಗಳಿಂದ ಪುಣೆಯಲ್ಲಿದ್ದೇನೆ. ಕಳೆದ ವರ್ಷ ಒಂದೇ ಆ್ಯಕ್ಸಲ್‌ನ ಕಾರಿನ ಹಿಂದೆ ಕಟ್ಟಿ ಎಳೆಯುವ ಪುಟ್ಟ ಟ್ರಾವೆಲ್ ಟ್ರೇಲರ್ ಕೊಂಡೆ. ಇಬ್ಬರು ಮಲಗುವ ಜಾಗ, ಸಣ್ಣ ಅಡುಗೆಕಟ್ಟೆ, 50 ಲೀಟರಿನ ನೀರಿನ ಟ್ಯಾಂಕು ಇವೆ; ಸಾಮಾನೆಲ್ಲ ತುಂಬಿದಾಗ ಒಟ್ಟು ತೂಕ 850 ಕಿಲೋ. ಟೈರು 155/80 ಆರ್13, ಅಂದರೆ 13 ಇಂಚಿನ ಗಾಲಿಯದು. ಲೀಫ್ ಸ್ಪ್ರಿಂಗ್ (ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗ್) ಆ್ಯಕ್ಸಲ್‌ನ ಕೆಳಗೆ ಇದೆ.

ತಾಮ್ಹಿಣಿ ಘಾಟಿನಲ್ಲಿ ಇಳಿದು ಕೊಂಕಣಕ್ಕೆ ಹೋಗಿ ಬಂದ ಮೊದಲ ಪ್ರವಾಸದಲ್ಲೇ, ನಿಂತಾಗ ಆಸರೆಗೆ ಇಳಿಸುವ ಹಿಂದಿನ ಎಡಗಾಲು ಬಾಗಿತು, ಸಿಂಕಿನ ಕೊಳೆನೀರಿನ ಪಿವಿಸಿ ಪೈಪು ಎಲ್ಬೋ ಬಳಿ ಸೀಳಿತು. ಅಷ್ಟು ಸಾಲದೆಂಬಂತೆ, ಮನೆ ತಲುಪಿ ಸೊಸೈಟಿಯ ಗೇಟಿನ ರ‍್ಯಾಂಪ್ ಏರುವಾಗ ಹಿಂದಿನ ಬಂಪರ್ ಕಾಂಕ್ರೀಟಿಗೆ ಉಜ್ಜಿ, ಎರಡು ಗೇಣು ಉದ್ದದ ಬಿಳಿ ಗೀರು ಬಿತ್ತು. ಭೋಸರಿಯ ಒಂದು ಫ್ಯಾಬ್ರಿಕೇಶನ್ ವರ್ಕ್‌ಶಾಪಿನವರು, ಆ್ಯಕ್ಸಲನ್ನು ಮಗುಚಿ ಹಾಕಿ ಸ್ಪ್ರಿಂಗನ್ನು ಅದರ ಮೇಲೆ ಕೂರಿಸಿದರೆ ನಾಲ್ಕು ಇಂಚು ಎತ್ತರ ಸಿಗುತ್ತದೆ, ಅರ್ಧ ದಿನದ ಕೆಲಸ ಎನ್ನುತ್ತಾರೆ. ಹಾಗೆ ಮಾಡಿಸಬಹುದೇ? ಅಥವಾ 14 ಇಂಚಿನ ಗಾಲಿ ಹಾಕಿಸಿದರೆ ಸಾಕೇ?

ಉತ್ತರ 1: ಕಮಾನುಪಟ್ಟಿ (ಪಿಂಪ್ರಿ)

ಇಲ್ಲಿನ ಗ್ಯಾರೇಜಿನವರು ಪಾಟಾ ಎಂದು ಕರೆಯುವ ಈ ಸ್ಪ್ರಿಂಗುಗಳ ಕೆಲಸವನ್ನು ನಾನು ಬಹಳ ಕಾಲ ನೋಡಿದ್ದೇನೆ, ಆದ್ದರಿಂದ ಮೊದಲು ಒಂದು ಎಚ್ಚರಿಕೆ: ಸ್ಪ್ರಿಂಗನ್ನು ಮೇಲಕ್ಕೆ ತರುವುದು ಬೇರೆ, ಆ್ಯಕ್ಸಲನ್ನು ಮಗುಚುವುದು ಬೇರೆ. ಅನೇಕ ಟ್ರೇಲರ್ ಆ್ಯಕ್ಸಲ್‌ಗಳ ನಡುಭಾಗ ಬರಿಗಣ್ಣಿಗೆ ಕಾಣದಷ್ಟು ಮೇಲಕ್ಕೆ ಕಮಾನಿನಂತೆ ಬಾಗಿರುತ್ತದೆ. ಭಾರ ಬಿದ್ದಾಗ ಗಾಲಿಗಳು ನೆಟ್ಟಗೆ ನಿಲ್ಲಲಿ ಎಂಬುದು ಅದರ ಉದ್ದೇಶ. ಅದನ್ನು ಮಗುಚಿದರೆ ಕಮಾನು ಕೆಳಮುಖವಾಗಿ, ಗಾಲಿಗಳ ತಲೆ ಒಳಕ್ಕೆ ವಾಲಿ, ಟೈರಿನ ಒಳಅಂಚು ಬೇಗನೆ ಸವೆಯುತ್ತದೆ. ಆ್ಯಕ್ಸಲ್ ಇದ್ದ ಹಾಗೆಯೇ ಇರಬೇಕು, ಅದರ ಮೇಲ್ಭಾಗಕ್ಕೆ ಹೊಸ ಸ್ಪ್ರಿಂಗ್ ಸೀಟುಗಳನ್ನು (ಸ್ಪ್ರಿಂಗ್ ಕೂರುವ ತಟ್ಟೆಗಳನ್ನು) ಬೆಸೆಯಬೇಕು.

ಸಿಗುವ ಎತ್ತರದ ಲೆಕ್ಕ ಸರಳವಾಗಿದೆ. ಆ್ಯಕ್ಸಲ್ ಕೊಳವೆಯ ವ್ಯಾಸ 60 ಮಿ.ಮೀ., ಪಾಟಾದ ಒಟ್ಟು ದಪ್ಪ 35 ಮಿ.ಮೀ. ಇದ್ದರೆ, ಸೀಟಿನ ದಪ್ಪವೂ ಸೇರಿ ಚಾಸಿಸ್ (ತಳದ ಚೌಕಟ್ಟು) ಸುಮಾರು 100 ಮಿ.ಮೀ. ಮೇಲೇಳುತ್ತದೆ. ಆದರೆ ಆ್ಯಕ್ಸಲ್ ಕೊಳವೆ ಮಾತ್ರ ನೆಲದಿಂದ ಒಂದು ಮಿ.ಮೀ. ಕೂಡ ಮೇಲೇಳುವುದಿಲ್ಲ, ಅದರ ಎತ್ತರವನ್ನು ನಿರ್ಧರಿಸುವುದು ಟೈರು ಮಾತ್ರ. ಇನ್ನು ಕೆಲವರು ಸ್ಪ್ರಿಂಗಿಗೂ ಆ್ಯಕ್ಸಲ್‌ಗೂ ನಡುವೆ ಕಬ್ಬಿಣದ ಬ್ಲಾಕ್ ಇಡಲು ಹೇಳುತ್ತಾರೆ. ನಿಮ್ಮ ಹಾಗೆ ಸ್ಪ್ರಿಂಗ್ ಕೆಳಗಿರುವ ಟ್ರೇಲರ್‌ನಲ್ಲಿ ಬ್ಲಾಕ್ ಇಟ್ಟರೆ ಗಾಡಿ ಏರುವ ಬದಲು ಇನ್ನಷ್ಟು ಕೂರುತ್ತದೆ.

ಬೆಸುಗೆಯನ್ನು ಒಂದೇ ಉಸಿರಿಗೆ ಎಳೆಯಲು ಬಿಡಬೇಡಿ. ಕೊಳವೆ ಕಾದು ಸೊಟ್ಟಗಾದರೆ ಮತ್ತೆ ಸರಿಪಡಿಸುವುದು ಕಷ್ಟ, ಆದ್ದರಿಂದ ಒಂದೊಂದು ಇಂಚು ಬೆಸೆದು, ಬದಿ ಬದಲಿಸಿ, ಆರಲು ಬಿಟ್ಟು ಮುಂದುವರಿಯಬೇಕು. ಕಪ್ಲರ್‌ನ (ಟ್ರೇಲರನ್ನು ಕಾರಿಗೆ ಸಿಕ್ಕಿಸುವ ಮುಂತುದಿಯ ಕೊಂಡಿಯ) ನಡುಬಿಂದುವಿನಿಂದ ಆ್ಯಕ್ಸಲ್‌ನ ಎರಡೂ ತುದಿಗಳಿಗೆ ಟೇಪು ಹಿಡಿದು ದೂರ ಸಮ ಇದೆಯೇ ಎಂದು ಮೊದಲು ಪರೀಕ್ಷಿಸಿ, ಆಮೇಲೆ ಪೂರ್ತಿ ಬೆಸೆಯಿರಿ. ಸ್ಪ್ರಿಂಗನ್ನು ಆ್ಯಕ್ಸಲ್‌ಗೆ ಬಿಗಿಯುವ ಯು-ಬೋಲ್ಟುಗಳು ಹೊಸವೇ ಆಗಿರಲಿ, ನೂರು ಕಿಲೋಮೀಟರಿನ ನಂತರ ಅವನ್ನು ಮತ್ತೊಮ್ಮೆ ಬಿಗಿಗೊಳಿಸಿ. ಬ್ರೇಕಿನ ಕೇಬಲ್ ಅಥವಾ ವೈರು ಹೊಸ ಎತ್ತರಕ್ಕೆ ಎಟುಕುತ್ತದೆಯೇ ಎಂಬುದನ್ನೂ ನೋಡಿಕೊಳ್ಳಿ. ಇವೆಲ್ಲ ಅರ್ಧ ದಿನದಲ್ಲಿ ಮುಗಿಯುವ ಕೆಲಸವಲ್ಲ.

ಉತ್ತರ 2: ಚೋರ್ಲಾ ದಾರಿ (ಪರ್ವರಿ, ಗೋವಾ)

ಮೇಲಿನವರ ಮಾತಿಗೆ ನನ್ನ ಒಪ್ಪಿಗೆ ಇದೆ, ಆದರೆ ಕತ್ತರಿಸುವ ಬೆಸೆಯುವ ಮಾತು ಆಮೇಲೆ. ನೀವು ಹೇಳಿದ ಮೂರು ಪೆಟ್ಟುಗಳೂ ಹಿಂತುದಿಗೆ ಬಿದ್ದಿವೆ. ಆ್ಯಕ್ಸಲ್‌ಗಾಗಲಿ ಸ್ಪ್ರಿಂಗಿಗಾಗಲಿ ಏನೂ ತಾಗಿಲ್ಲ. ಕಾರಿಗೆ ಕಟ್ಟಿದಾಗ ನಿಮ್ಮ ಟ್ರೇಲರ್ ಮೂತಿ ಎತ್ತಿಕೊಂಡು ನಿಲ್ಲುತ್ತಿರಬಹುದು ಎಂಬುದು ನನ್ನ ಗುಮಾನಿ. ಬೆಳಗಾವಿಯಿಂದ ಚೋರ್ಲಾ ಘಾಟಿನಲ್ಲಿ ಇಳಿಯುವಾಗ ನನಗೂ ಇದೇ ಆಗುತ್ತಿತ್ತು, ಮತ್ತು ನಾನು ಬಹಳ ದಿನ ರಸ್ತೆಯನ್ನು ಬೈದೆ.

ಸಮತಟ್ಟಾದ ಜಾಗದಲ್ಲಿ, ಸಾಮಾನು ತುಂಬಿ, ಕಾರಿಗೆ ಕಟ್ಟಿದ ಸ್ಥಿತಿಯಲ್ಲೇ ಚಾಸಿಸ್ ಪಟ್ಟಿಯ ಮೇಲೆ ರಸಮಟ್ಟ ಇಟ್ಟು ನೋಡಿ. ಆ್ಯಕ್ಸಲ್‌ನಿಂದ ಕಪ್ಲರ್‌ಗೆ 3 ಮೀಟರ್, ಹಿಂತುದಿಗೆ 1.5 ಮೀಟರ್ ಇದ್ದರೆ, ಕಪ್ಲರ್ ಎಷ್ಟು ಏರುತ್ತದೆಯೋ ಅದರ ಅರ್ಧದಷ್ಟು ಹಿಂತುದಿ ಇಳಿಯುತ್ತದೆ. ಯುರೋಪಿನ ನಿಯಮದಲ್ಲಿ, ಭಾರ ಹೇರಿದ ಕಾರಿನ ಹಿಂದೆ ಟ್ರೇಲರ್ ಸಿಕ್ಕಿಸುವ ಗುಂಡು, ಅಂದರೆ ಟೋ ಬಾಲ್‌ನ ಮಧ್ಯಬಿಂದು ನೆಲದಿಂದ 350ರಿಂದ 420 ಮಿ.ಮೀ. ಎತ್ತರದಲ್ಲಿರಬೇಕು, ನಮ್ಮ ಎತ್ತರದ ಎಸ್‌ಯುವಿಗಳಲ್ಲಿ ಅದು ಸುಲಭವಾಗಿ ಇದನ್ನು ಮೀರುತ್ತದೆ. ಮೂತಿ ಎತ್ತಿದ ಟ್ರೇಲರ್‌ನಲ್ಲಿ ಟೋ ಬಾಲ್‌ನ ಮೇಲಿನ ಭಾರ ಕಡಿಮೆಯಾಗಿ, ಎಕ್ಸ್‌ಪ್ರೆಸ್‌ವೇ ವೇಗದಲ್ಲಿ ಅದು ಹಾವಿನಂತೆ ಹೊರಳಾಡತೊಡಗುತ್ತದೆ, ಅದು ಬಂಪರಿನ ಗೀರಿಗಿಂತ ದೊಡ್ಡ ಆಪತ್ತು.

ಉತ್ತರ 3: ನಿಧಾನಗಾಮಿ (ಠಾಣೆ)

ಎರಡು ಮಾತು. ಗಾಲಿಗಳ ನಡುವಿನ ಅಗಲ 1.5 ಮೀಟರ್, ಭಾರಕೇಂದ್ರದ ಎತ್ತರ 0.8 ಮೀಟರ್ ಎಂದುಕೊಂಡರೆ, ಅರ್ಧ ಅಗಲವನ್ನು ಎತ್ತರದಿಂದ ಭಾಗಿಸಿದಾಗ 0.94 ಬರುತ್ತದೆ, 100 ಮಿ.ಮೀ. ಏರಿಸಿದರೆ ಅದು 0.83ಕ್ಕೆ ಇಳಿಯುತ್ತದೆ. ಪಲ್ಟಿಯಾಗದಿರುವ ತಾಳಿಕೆಯಲ್ಲಿ ಹತ್ತಿರಹತ್ತಿರ ಒಂಬತ್ತನೆಯ ಒಂದು ಪಾಲು ಹೋಯಿತು ಎಂದರ್ಥ, ಘಾಟಿನ ತಿರುವಿನಲ್ಲಿ ಇದು ಸಣ್ಣ ಸಂಗತಿಯಲ್ಲ. ಇನ್ನೊಂದು, ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಮತ್ತು 2019ರ ಜನವರಿಯ ಸುಪ್ರೀಂ ಕೋರ್ಟ್ ತೀರ್ಪು, ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವ ಮಾರ್ಪಾಡುಗಳ ಬಗ್ಗೆ ಬಿಗಿಯಾಗಿವೆ. ಬೆಸುಗೆಗೆ ಮುನ್ನ ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳುವುದು ಲೇಸು.

ಮರುಮಾತು: ಮುಠಾತೀರ

ಎಲ್ಲರಿಗೂ ಕೃತಜ್ಞತೆಗಳು. ಭಾನುವಾರ ಬೆಳಿಗ್ಗೆ ಸೊಸೈಟಿಯ ಪಾರ್ಕಿಂಗಿನಲ್ಲಿ ರಸಮಟ್ಟ, ಟೇಪು ಹಿಡಿದು ಕುಳಿತೆ. ಪರ್ವರಿಯವರ ಗುಮಾನಿ ನಿಜವಾಯಿತು: ಟ್ರೇಲರ್ ಮಟ್ಟಸವಾಗಿ ನಿಲ್ಲಬೇಕಾದರೆ ಕಪ್ಲರ್ 430 ಮಿ.ಮೀ. ಎತ್ತರದಲ್ಲಿರಬೇಕು, ನನ್ನ ಟೋ ಬಾಲ್ 500ರಲ್ಲಿದೆ. ದೂರಗಳೂ ಕಾಕತಾಳೀಯವಾಗಿ ಅವರು ಹೇಳಿದಷ್ಟೇ ಇವೆ, ಹೀಗಾಗಿ ಹಿಂತುದಿ 35 ಮಿ.ಮೀ. ಕೂತಿತ್ತು. ಟೋ ಬಾಲನ್ನು 70 ಮಿ.ಮೀ. ಇಳಿಸುವ ಪ್ಲೇಟು ಹಾಕಿಸಿದೆ. ಕೊಳೆನೀರಿನ ಪೈಪನ್ನು ಚಾಸಿಸ್‌ನ ಅಡ್ಡಪಟ್ಟಿಗಳ ಸಂದಿನಲ್ಲಿ ಮೇಲಕ್ಕೆ ಒಯ್ದು, ಬಾಗಿದ ಕಾಲನ್ನು ಬದಲಿಸಿ ಆ್ಯಕ್ಸಲ್‌ನ ಕಡೆಗೆ ಒಂದು ಅಡಿ ಸರಿಸಿದೆ. ಬಂಪರಿನ ಎತ್ತರ 220ರಿಂದ 255 ಮಿ.ಮೀ. ಆಯಿತು. ಅದೇ ರ‍್ಯಾಂಪಿನಲ್ಲಿ ಕಾವಲುಗಾರರು ಬಗ್ಗಿ ನೋಡಿ, ಎರಡು ಬೆರಳು ಆಡುವಷ್ಟು ಸಂದು ಉಳಿದಿದೆ ಎಂದು ಕೈ ಮಾಡಿ ತೋರಿಸಿದರು.

ಉಳಿದದ್ದು ಗಾಲಿಯ ಪ್ರಶ್ನೆ. ಭಾರ ತುಂಬಿದಾಗ ಟೈರಿಗೂ ಮಡ್‌ಗಾರ್ಡಿಗೂ ನಡುವೆ 48 ಮಿ.ಮೀ. ಇದೆ. 14 ಇಂಚು ಹಿಡಿಸುತ್ತದೆಯೇ?

ಉತ್ತರ: ಕಮಾನುಪಟ್ಟಿ

ಹಿಡಿಸುವುದಿಲ್ಲ. 155/80 ಆರ್13ರ ವ್ಯಾಸ 578 ಮಿ.ಮೀ., 165/80 ಆರ್14ರದು 620. ಎತ್ತರದಲ್ಲಿ ಸಿಗುವುದು ಅದರ ಅರ್ಧ, ಅಂದರೆ 21 ಮಿ.ಮೀ. ಮಾತ್ರ. ಉಳಿಯುವ 27 ಮಿ.ಮೀ. ಸಂದನ್ನು ಒಂದು ಒಳ್ಳೆಯ ಗುಂಡಿ ಕ್ಷಣದಲ್ಲಿ ನುಂಗಿ ಟೈರನ್ನು ಮಡ್‌ಗಾರ್ಡಿಗೆ ಒರೆಸುತ್ತದೆ. ದೊಡ್ಡ ಗಾಲಿಯೇ ಬೇಕೆಂದರೆ ಸ್ಪ್ರಿಂಗನ್ನು ಮೇಲಕ್ಕೆ ತರಲೇಬೇಕು, ಆಗ ಟೋ ಬಾಲ್‌ನ ಪ್ಲೇಟನ್ನೂ ಮತ್ತೆ ಕಳಚಬೇಕಾಗುತ್ತದೆ.

ನನ್ನನ್ನು ಕೇಳಿದರೆ ನಿಮ್ಮ ಟೈರಿನ ಚಿಂತೆ ಎತ್ತರದ್ದಲ್ಲ, ಭಾರದ್ದು. ಟೈರಿನ ಪಕ್ಕದಲ್ಲಿ 79 ಎಂಬ ಭಾರಸೂಚಿ ಅಚ್ಚಾಗಿದ್ದರೆ ಒಂದೊಂದು ಹೊರುವುದು 437 ಕಿಲೋ, ಎರಡಕ್ಕೂ ಸೇರಿ 874. ನಿಮ್ಮ ಗಾಡಿಯೇ 850. ಅದೇ 13 ಇಂಚಿನಲ್ಲಿ ಸಿ ದರ್ಜೆಯ, ಲಘು ವಾಣಿಜ್ಯ ವಾಹನಗಳ ಟೈರು ಸಿಗುತ್ತದೆ. ರಿಮ್ ಅದರ ಗಾಳಿಯ ಒತ್ತಡವನ್ನು ತಾಳುತ್ತದೆಯೇ ಎಂದು ಕೇಳಿ ಅದನ್ನು ಹಾಕಿಸಿ. ಹಾಕಿಸುವ ಮುನ್ನ ನೀರಿನ ಟ್ಯಾಂಕು ತುಂಬಿಸಿ, ಯಾವುದಾದರೂ ವೇ-ಬ್ರಿಜ್‌ನಲ್ಲಿ ಒಮ್ಮೆ ತೂಗಿಸಿ ಬನ್ನಿ.