ಆರ್‌ಎಕ್ಸ್ 100: ಏರ್ ಬಾಕ್ಸ್‌ಗೆ ಪೈಪ್ ಹಾಕಿದ ಮೇಲೆ ಓಡುವಾಗ ಮುಗ್ಗರಿಸುತ್ತೆ, ನಿಂತಾಗ ಸರಿ ಇದೆ

ಗುತ್ತಲು ರೋಡ್, ಮಂಡ್ಯ

ನಮಸ್ಕಾರ. ಗಾಡಿ ಯಮಹಾ ಆರ್‌ಎಕ್ಸ್ 100 ಬೈಕ್. ಮಿಕುನಿ ಕಾರ್ಬೊರೇಟರ್, ಬೋರ್ ಕಂಪನಿ ಸೈಜ್‌ನಲ್ಲೇ ಇದೆ. ಆಕ್ಸಿಲರೇಟರ್ ಕೊಟ್ಟ ತಕ್ಷಣ ಇನ್ನೂ ಚುರುಕಾಗಿ ಎಳೀಲಿ ಅಂತ ಎಂಜಿನ್‌ಗೆ ಗಾಳಿ ಹೋಗೋ ಏರ್ ಬಾಕ್ಸ್ ಬಾಯಿಗೆ ಪಿವಿಸಿ ಪೈಪ್ ಕೂರಿಸಿದ್ದೇನೆ. ಟ್ಯಾಂಕ್ ಕೆಳಗೆ ಹಾದು ಎಡಗಡೆಯಿಂದ ಮುಂದಕ್ಕೆ ಬರುತ್ತೆ, ತುದಿಗೆ ಒಂದು ಎಲ್ಬೋ. ಅದರ ಬಾಯಿ ನೇರವಾಗಿ ಎದುರು ಗಾಳಿಗೆ. ಒಳಗೆ ಫೋಮ್ ಫಿಲ್ಟರ್ ಹಾಗೇ ಇದೆ.

ಸ್ಟ್ಯಾಂಡ್ ಹಾಕಿ ರೇಸ್ ಮಾಡಿದ್ರೆ ಟಕ್ಕಂತ ಏರುತ್ತೆ. ಆದ್ರೆ ರಸ್ತೆಯಲ್ಲಿ 50–60ರಲ್ಲಿ ಹೋಗ್ತಾ ಓವರ್‌ಟೇಕ್‌ಗೆ ತಿರುಗಿಸಿದ್ರೆ ‘ಬ್ವಾ’ ಅಂತ ಒಂದು ಕ್ಷಣ ಸತ್ತಂತಾಗಿ, ಆಮೇಲೆ ಎಳೆಯುತ್ತೆ. ಬೆಂಗಳೂರು–ಮೈಸೂರು ಹೈವೇ ಮೇನ್ ರಸ್ತೆಗೆ 2023ರ ಆಗಸ್ಟ್‌ನಿಂದ ಬೈಕ್‌ನವರನ್ನ ಬಿಡಲ್ಲ, ಗೊತ್ತಲ್ಲ. ಸರ್ವಿಸ್ ರೋಡಲ್ಲಿ ಟ್ರ್ಯಾಕ್ಟರ್ ಪಕ್ಕದಲ್ಲಿ ಹೀಗಾದ್ರೆ ಎದೆ ಧಸಕ್ ಅನ್ನುತ್ತೆ. ಕಾರ್ಬೊರೇಟರ್‌ನಲ್ಲಿ ಪೆಟ್ರೋಲ್ ಬಿಡೋ ತೂತು, ಆ ಮೇನ್ ಜೆಟ್ ದೊಡ್ಡದು ಹಾಕ್ಲಾ?

ಕಬ್ಬಿನ ಲಾರಿ, ಪಾಂಡವಪುರ

ಹಾಕು ಗುರು. ಗಾಳಿ ಜಾಸ್ತಿ ಆಯ್ತು, ಪೆಟ್ರೋಲೂ ಜಾಸ್ತಿ ಬೇಕು, ಅಷ್ಟೇ. ಹಂಗೇ ಆ ಫೋಮ್ ಕಿತ್ತು ಬಿಸಾಕು, ಪಿಕಪ್ ನೋಡು ಆಮೇಲೆ.

ಯಾದವಗಿರಿ, ಮೈಸೂರು

ಜೆಟ್‌ಗೆ ಈಗಲೇ ಕೈ ಹಾಕಬೇಡಿ. ಮೇನ್ ಜೆಟ್ ಆಟ ಇರೋದು ಮುಕ್ಕಾಲು ತಿರುಗಿಸಿದ ಮೇಲೆ. ನಿಮಗೆ ತೊಂದರೆ ಬರ್ತಿರೋದು ಅದಕ್ಕಿಂತ ಮುಂಚೆ ಅನ್ಸುತ್ತೆ. ಖಚಿತ ಮಾಡ್ಕೊಳ್ಳೋಕೆ ಆಕ್ಸಿಲರೇಟರ್ ಹಿಡಿಕೆ ಮೇಲೆ ಸಣ್ಣ ಬಿಳಿ ಟೇಪ್ ಅಂಟಿಸಿ. ಪಕ್ಕದ ಸ್ವಿಚ್ ಹೌಸಿಂಗ್ ಮೇಲೆ ಕಾಲು, ಅರ್ಧ, ಮುಕ್ಕಾಲು ಅಂತ ಗೆರೆ ಎಳೆಯಿರಿ. ಮುಗ್ಗರಿಸುವಾಗ ಟೇಪ್ ಎಲ್ಲಿರುತ್ತೆ ನೋಡಿ.

ನಿಂತಾಗ ಸರಿ, ಓಡುವಾಗ ಮಾತ್ರ ಕೆಡುತ್ತೆ ಅಂದ್ರಲ್ಲ, ನನಗೆ ಮುಖ್ಯ ಅನ್ನಿಸಿದ್ದು ಅದೇ. ಕಾರ್ಬೊರೇಟರ್ ಕೆಲಸ ಎಳನೀರಿಗೆ ಸ್ಟ್ರಾ ಹಾಕಿ ಹೀರಿದ ಹಾಗೆ. ಗಾಳಿ ಹಾದುಹೋಗೋ ಒಳಗಿನ ಗಂಟಲಲ್ಲಿ ಒತ್ತಡ ಕಡಿಮೆ, ಕೆಳಗೆ ಬೌಲ್‌ನಲ್ಲಿರೋ ಪೆಟ್ರೋಲ್ ಮೇಲೆ ಹೊರಗಿನ ಗಾಳಿಯ ಒತ್ತಡ. ಆ ವ್ಯತ್ಯಾಸಕ್ಕೇ ಪೆಟ್ರೋಲ್ ಮೇಲೆ ಬರೋದು. ಬೌಲ್‌ಗೆ ಗಾಳಿ ಆಡೋಕೆ ಪಕ್ಕದಲ್ಲಿ ಸಣ್ಣ ತೂತು (ವೆಂಟ್) ಇದೆ, ಅದು ಎಂಜಿನ್ ಪಕ್ಕದ ಸುಮ್ನೆ ಇರೋ ಗಾಳಿಗೆ ತೆರೆದಿದೆ. ನೀವು ಎದುರು ಗಾಳಿಯನ್ನ ಪೈಪ್‌ನಲ್ಲಿ ತಂದು ಗಂಟಲಿಗೆ ತಳ್ಳಿದ್ದೀರಿ, ಬೌಲ್‌ಗೆ ತಳ್ಳಿಲ್ಲ. ವ್ಯತ್ಯಾಸ ಕಡಿಮೆಯಾಯ್ತು, ಪೆಟ್ರೋಲ್ ಬರೋದೂ ಕಡಿಮೆಯಾಯ್ತು.

ಲೆಕ್ಕ ಹಾಕಿ ನೋಡಿ. 60 ಕಿ.ಮೀ. ವೇಗದ ಎದುರು ಗಾಳಿ ಹೆಚ್ಚೆಂದರೆ ಸುಮಾರು 150 ಪ್ಯಾಸ್ಕಲ್ ಒತ್ತಡ ಕೊಡುತ್ತೆ. ವಾತಾವರಣದ ಒತ್ತಡದಲ್ಲಿ ಅದು ಸಾವಿರಕ್ಕೆ ಎರಡು ಪಾಲೂ ಇಲ್ಲ. ಅಂದ್ರೆ ಎಂಜಿನ್‌ಗೆ ಸಿಗೋ ಹೆಚ್ಚುವರಿ ಗಾಳಿ ನಗಣ್ಯ. ಆದ್ರೆ ಅದೇ ಒತ್ತಡ ಒಂದೂವರೆ ಸೆಂಟಿಮೀಟರ್ ನೀರನ್ನ ಎತ್ತುತ್ತೆ. ಥ್ರಾಟಲ್ ದಿಢೀರ್ ತೆರೆದಾಗ ಗಂಟಲಿನ ಎಳೆತ ಮೊದಲೇ ಬಿದ್ದಿರುತ್ತೆ, ಆಗ ಅಷ್ಟು ಸಾಕು ಹದ ಕೆಡಿಸೋಕೆ. ಲಾಭ ಇಲ್ಲ, ನಷ್ಟ ಮಾತ್ರ.

ಖರ್ಚಿಲ್ಲದ ಪರೀಕ್ಷೆ: ಎಲ್ಬೋವನ್ನ ಹಿಂದಕ್ಕೆ ತಿರುಗಿಸಿ ಅದೇ ರಸ್ತೆಯಲ್ಲಿ ಓಡಿಸಿ. ಬೇರೇನೂ ಮುಟ್ಟಬೇಡಿ.

ಫೋಮ್ ಕೀಳೋ ಸಲಹೆ ಮಾತ್ರ ಬೇಡವೇ ಬೇಡ. ಟೂ ಸ್ಟ್ರೋಕ್‌ನಲ್ಲಿ ಗಾಳಿ ಮೊದಲು ಹೋಗೋದು ಪಿಸ್ಟನ್ ಕೆಳಗಿನ ಕ್ರ್ಯಾಂಕ್ ಕೇಸ್‌ಗೆ. ಧೂಳು ಅಲ್ಲಿನ ಬೇರಿಂಗ್ ತಿನ್ನುತ್ತೆ. ಕಬ್ಬು ಕಡಿಯೋ ಕಾಲದಲ್ಲಿ ಮಂಡ್ಯದ ರಸ್ತೆ ಹೇಗಿರುತ್ತೆ ಅಂತ ನಾನು ಹೇಳ್ಬೇಕಾ?

ಕಬ್ಬಿನ ಲಾರಿ, ಪಾಂಡವಪುರ

ನಮ್ಮ ಹುಡುಗರೆಲ್ಲ ಕಿತ್ತೇ ಓಡಿಸ್ತಾರೆ ಸ್ವಾಮಿ, ಎಂಥದೂ ಆಗಿಲ್ಲ.

ಯಾದವಗಿರಿ, ಮೈಸೂರು

ಕ್ರ್ಯಾಂಕ್ ರಿಪೇರಿ ಬಿಲ್ ಬಂದಾಗ ಅವರು ಗಾಡಿ ಮಾರಿರ್ತಾರೆ. ನಮ್ಮ ಏರಿಯಾದ ಯೆಜ್ಡಿ ಬೈಕ್ ಫ್ಯಾಕ್ಟರಿ ಮುಚ್ಚಿದ್ದೂ 1996ರಲ್ಲೇ, ಆರ್‌ಎಕ್ಸ್ 100 ತಯಾರಿಕೆ ನಿಂತಿದ್ದೂ ಅದೇ ವರ್ಷ. ಎರಡಕ್ಕೂ ಒಳ್ಳೇ ಕ್ರ್ಯಾಂಕ್ ಹುಡುಕೋ ಕಷ್ಟ ಹುಡುಕಿದವರಿಗೇ ಗೊತ್ತು.

ಗುತ್ತಲು ರೋಡ್, ಮಂಡ್ಯ

ಎಲ್ಬೋ ಹಿಂದಕ್ಕೆ ತಿರುಗಿಸಿ ಇಂಡುವಾಳು ಕಡೆ ಹೋಗಿ ಬಂದೆ. ಆ ‘ಬ್ವಾ’ ಬಹುಪಾಲು ಹೋಯ್ತು! ಟೇಪ್ ಕಾಲಿನಿಂದ ಅರ್ಧದ ಮಧ್ಯೆ ಇದ್ದಾಗ ಇನ್ನೂ ಸ್ವಲ್ಪ ಹಿಡಿದಂತಾಗುತ್ತೆ. ಸ್ಪಾರ್ಕ್ ಪ್ಲಗ್ ಬಿಚ್ಚಿದೆ, ತುದಿ ಬೆಳ್ಳಗಿದೆ.

ಯಾದವಗಿರಿ, ಮೈಸೂರು

ಬೆಳ್ಳಗಿದ್ರೆ ಪೆಟ್ರೋಲ್ ಕಮ್ಮಿ ಅಂತ. ಕಾಫಿಪುಡಿ ಬಣ್ಣ ಇರಬೇಕು. ಹೀಗೇ ಜೋರಾಗಿ ಓಡಿಸಬೇಡಿ, ಬಿಸಿಗೆ ಅಲ್ಯೂಮಿನಿಯಂ ಪಿಸ್ಟನ್ ಉಬ್ಬಿ ಸಿಲಿಂಡರ್ ಒಳಗಿನ ಕಬ್ಬಿಣದ ಲೈನರ್‌ಗೆ ಕಚ್ಚಿಕೊಂಡ್ರೆ ಮುಗೀತು. ಆಯಿಲ್ ಪಂಪ್ ತೆಗೆದು ಟ್ಯಾಂಕ್‌ನಲ್ಲೇ ಆಯಿಲ್ ಬೆರೆಸೋರಾದ್ರೆ ಇನ್ನೂ ಅಪಾಯ. ಪೆಟ್ರೋಲ್ ಕಮ್ಮಿಯಾದ್ರೆ ಆಯಿಲೂ ಕಮ್ಮಿ.

ಮೊದಲು ಕಾರ್ಬೊರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ಜಾಯಿಂಟ್ ಬಗ್ಗಿಸಿ ನೋಡಿ. ಹಳೇ ಗಾಡಿಯಲ್ಲಿ ಕೆಳಭಾಗದಲ್ಲಿ ಕೂದಲೆಳೆ ಬಿರುಕು ಇರುತ್ತೆ, ಅದರಿಂದ ಗಾಳಿ ನುಗ್ಗುತ್ತೆ, ಮೇಲಿಂದ ಕಾಣಲ್ಲ. ಅದು ಸರಿ ಇದ್ರೆ ನೀಡಲ್ ಕಡೆ ಬನ್ನಿ, ಅರ್ಧದ ಆಸುಪಾಸು ತಿರುಗಿಸಿದಾಗ ಪೆಟ್ರೋಲ್ ಹದ ಮಾಡೋ ಸೂಜಿ ಅದು. ಮೇಲಿನ ಮುಚ್ಚಳ ಬಿಚ್ಚಿ ಸ್ಲೈಡ್ ಹೊರಗೆ ತೆಗೆಯಿರಿ. ನೀಡಲ್ ತಲೆಯಲ್ಲಿ ಸಾಲಾಗಿ ಗೀರುಗಳಿವೆ, ಒಂದರಲ್ಲಿ ಪುಟಾಣಿ ಕ್ಲಿಪ್ ಸಿಕ್ಕಿಕೊಂಡಿದೆ. ಅದನ್ನ ಒಂದು ಗೀರು ಕೆಳಗಿಳಿಸಿ. ಕ್ಲಿಪ್ ಇಳಿದ್ರೆ ನೀಡಲ್ ಏರುತ್ತೆ, ಪೆಟ್ರೋಲ್ ಜಾಸ್ತಿಯಾಗುತ್ತೆ. ಕೆಳಗೆ ಬಟ್ಟೆ ಹಾಸ್ಕೊಂಡು ಮಾಡಿ, ಕ್ಲಿಪ್ ಹಾರಿದ್ರೆ ಸಿಗಲ್ಲ.

ಅದಕ್ಕೂ ಮೊದಲು ಪೈಪ್ ಪೂರ್ತಿ ತೆಗೆದು ಒಮ್ಮೆ ಓಡಿಸಿ. ಪೈಪ್ ಇಟ್ಟು ಟ್ಯೂನ್ ಮಾಡಿ ಆಮೇಲೆ ತೆಗೆದ್ರೆ ಮತ್ತೆ ಮೊದಲಿಂದ ಶುರು.

ಗುತ್ತಲು ರೋಡ್, ಮಂಡ್ಯ

ರಬ್ಬರ್ ಚೆನ್ನಾಗಿದೆ. ಪೈಪ್ ತೆಗೆದೆ, ಆದ್ರೂ ಆ ಸಣ್ಣ ಹಿಡಿತ ಇತ್ತು. ಕ್ಲಿಪ್ ಒಂದು ಗೀರು ಇಳಿಸಿದ ಮೇಲೆ ಹೋಯ್ತು. ಈಗ ತಿರುಗಿಸಿದ್ರೆ ತಕ್ಷಣ ಎಳೆಯುತ್ತೆ, ಪ್ಲಗ್ ಕಂದು ಬಣ್ಣಕ್ಕೆ ಬಂದಿದೆ. ಪೈಪ್ ಇದ್ದಾಗಿನ ಆ ಗೊರ್ ಸೌಂಡ್ ಮಾತ್ರ ಇಲ್ಲ, ಬೇಜಾರು.

ಇನ್ನೊಂದು ಕೇಳ್ಬೇಕಿತ್ತು. ಫೋಮ್ ಮುಟ್ಟಿದ್ರೆ ಅಂಚು ಉದುರುತ್ತೆ. ಹಾಸಿಗೆ ಅಂಗಡಿಯ ಸ್ಪಂಜ್ ಕತ್ತರಿಸಿ ಹಾಕಬಹುದಾ?

ಯಾದವಗಿರಿ, ಮೈಸೂರು

ಸೌಂಡ್ ಜಾಸ್ತಿ ಇದ್ರೆ ಗಾಡಿ ಜೋರಾಗಿ ಹೋಗ್ತಿದೆ ಅನ್ಸುತ್ತೆ ಅಲ್ವಾ, ಎಷ್ಟೋ ಜನರ ಪಿಕಪ್ ಅಲ್ಲೇ ಇರೋದು.

ಹಾಸಿಗೆ ಸ್ಪಂಜ್ ಬೇಡ. ಕಾರ್ಬೊರೇಟರ್ ಹಿಂದಕ್ಕೆ ಉಗುಳೋ ಪೆಟ್ರೋಲ್‌ಗೆ ಅದು ಪುಡಿಯಾಗಿ ಒಳಗೆ ಹೋಗುತ್ತೆ. ಆರ್‌ಎಕ್ಸ್‌ನ ಫೋಮ್ ಬಿಡಿಭಾಗದ ಅಂಗಡಿಯಲ್ಲಿ ಈಗಲೂ ಸಿಗುತ್ತೆ, ದುಬಾರಿ ಏನಲ್ಲ. ಹೊಸದನ್ನ ಒಣದಾಗಿ ಹಾಕಬೇಡಿ. ಸ್ವಲ್ಪ ಆಯಿಲ್ ಸವರಿ, ಮುಷ್ಟಿಯಲ್ಲಿ ಹಿಂಡಿ, ತೊಟ್ಟಿಕ್ಕದ ಹಾಗೆ ಮಾಡಿ ಕೂರಿಸಿ. ಹಿಂಡುವಾಗ ತಿರುಚಿದ್ರೆ ಹರಿಯುತ್ತೆ. ಮತ್ತೆ ಬಾಕ್ಸ್ ಒಳಗೆ ಬೆರಳಾಡಿಸಿ ನೋಡಿ, ಪಿವಿಸಿ ಕೊಯ್ದಾಗಿನ ಬಿಳಿ ಚೂರು ಉಳಿದಿರಬಹುದು.