ಬೇಸ್‌ಮೆಂಟ್ ಜಾಯಿಸ್ಟ್‌ಗೆ ಅಟ್ಟ ನೇತುಹಾಕಬಹುದಾ?

ಕೊಲಂಬಸ್‌ಕನ್ನಡಿಗ:
ಎಲ್ರಿಗೂ ನಮಸ್ಕಾರ. ಒಹಾಯೋದಲ್ಲಿ ಹಳೇ ಮನೆ ತಗೊಂಡಿದೀವಿ, ಬೇಸ್‌ಮೆಂಟ್ ಅನ್‌ಫಿನಿಶ್ಡ್, ತಲೆ ಎತ್ತಿದ್ರೆ ಜಾಯಿಸ್ಟ್ (ಮೇಲಿನ ಫ್ಲೋರ್ ಹೊತ್ತಿರೋ ತೊಲೆ) ಎಲ್ಲಾ ಕಾಣ್ತವೆ. ಮಳೆ ಜೋರಾದಾಗ ಗೋಡೆ ಬುಡ ಒದ್ದೆ ಆಗಿ ನೆಲದ ಮೇಲಿರೋ ಡಬ್ಬಗಳಿಗೆ ತೇವ ಏರ್ತಿದೆ, ಅದಕ್ಕೆ ಮೇಲೆ ಅಟ್ಟದ ಥರ ಶೆಲ್ಫ್ ಮಾಡಿ ಎಲ್ಲಾ ಅಲ್ಲಿಗೆ ಸಾಗಿಸೋಣ ಅಂತ. ದಸರಾ ಗೊಂಬೆ ಪೆಟ್ಟಿಗೆ, ಖಾಲಿ ಸೂಟ್‌ಕೇಸ್, ಗಣಪತಿ ಮಂಟಪ, ಚಳಿಗಾಲದ ಜಾಕೆಟ್ಟು, ಆಮೇಲೆ ನಾಲ್ಕೈದು ಡಬ್ಬ ಪುಸ್ತಕ. ಜಾಯಿಸ್ಟ್‌ಗೆ ಕೆಳಗಿಂದ ಉದ್ದ ಸ್ಕ್ರೂ ಹೊಡೆದು ಟೂ ಬೈ ಫೋರ್ (2x4 ಇಂಚು ಅಂತ ಮಾರೋ ಮರದ ಪಟ್ಟಿ) ನೇತುಹಾಕಿದ್ರೆ ತಡಿಯುತ್ತಾ? ಡ್ರೈವಾಲ್ ಸ್ಕ್ರೂ ಮನೇಲೇ ಬೇಕಾದಷ್ಟಿದೆ.

ಹವ್ಯಾಸಿಬಡಗಿ:
ಗುರುವೇ, ಮೊದ್ಲು ಆ ಡ್ರೈವಾಲ್ ಸ್ಕ್ರೂ ಪಕ್ಕಕ್ಕಿಡಿ. ಅದು ಜಿಪ್ಸಂ ಬೋರ್ಡ್ ಹಿಡಿಯೋಕೆ ಇರೋದು, ಪೆಡಸು, ಭಾರ ಬಿದ್ರೆ ಬಾಗಲ್ಲ, ಪಟ್ ಅಂತ ಮುರಿಯುತ್ತೆ. ಭಾರ ಹೊರೋಕೇ ಮಾಡಿರೋ ಸ್ಟ್ರಕ್ಚರಲ್ ಸ್ಕ್ರೂ ಇಲ್ಲಾ ಮರಕ್ಕೆ ಹಾಕೋ ದಪ್ಪ ಲ್ಯಾಗ್ ಸ್ಕ್ರೂ ತಗೊಳ್ಳಿ. ಕೆಳಗಿಂದ ಮೇಲಕ್ಕೆ ಹೊಡೀಬೇಡಿ, ಹಾಗೆ ಹೊಡೆದ್ರೆ ಇಡೀ ಭಾರ ಹಗಲೂ ರಾತ್ರಿ ಸ್ಕ್ರೂನ ಮರದಿಂದ ಕೀಳ್ತಾನೇ ಇರುತ್ತೆ. ಟೂ ಬೈ ಫೋರ್ ತುಂಡನ್ನ ಜಾಯಿಸ್ಟ್ ಪಕ್ಕಕ್ಕೆ ಒತ್ತಿ ಹಿಡಿದು ಎರಡೆರಡು ಸ್ಕ್ರೂ ಅಡ್ಡಕ್ಕೆ ಹಾಕಿ, ಕೆಳ ಅಂಚಿಂದ ದೂರ ಇರ್ಲಿ. ಹೀಗೆ ಕೆಳಗೆ ಇಳಿಬಿಟ್ಟ ತುಂಡುಗಳೇ ಕಾಲು, ಅವಕ್ಕೆ ಅಡ್ಡಪಟ್ಟಿ ಕೊಟ್ಟು ಮೇಲೆ ಪ್ಲೈವುಡ್.

ಶೆಲ್ಫ್ ಉದ್ದ ಜಾಯಿಸ್ಟ್‌ಗಳಿಗೆ ಅಡ್ಡವಾಗಿ ಬರ್ಬೇಕು. ಸಾಮಾನ್ಯವಾಗಿ 16 ಇಂಚಿಗೊಂದು ಇರುತ್ತೆ, 8 ಅಡಿ ಶೆಲ್ಫಾದ್ರೆ ಆರೇಳು ಜಾಯಿಸ್ಟ್ ಭಾರ ಹಂಚ್ಕೊಳ್ತವೆ. ಅದೂ ನಡುಮಧ್ಯೆ ಬೇಡ, ಜಾಯಿಸ್ಟ್ ತುದಿ ಕೂತಿರೋ ಗೋಡೆ ಹತ್ರ ಮಾಡಿ. ಮನೆ ಫ್ಲೋರನ್ನ ಚದರಡಿಗೆ 40 ಪೌಂಡ್ ಲೈವ್ ಲೋಡ್ (ಮನೆಯ ಸ್ವಂತ ತೂಕ ಬಿಟ್ಟು ಜನ, ಸಾಮಾನಿನ ಭಾರ) ಅಂತ ಡಿಸೈನ್ ಮಾಡೋದು ರೂಢಿ, ಆದ್ರೆ ಮೇಲಿನ ಸೋಫಾ, ಬೀರು, ಹಬ್ಬಕ್ಕೆ ಬಂದ ನೆಂಟರು ಎಲ್ಲಾ ಅದರಲ್ಲೇ ಬಂತು, ನೀವು ನೇತುಹಾಕೋದೂ ಅದರಲ್ಲೇ ಪಾಲು. ನಾನಂತೂ ಚದರಡಿಗೆ 10 ಪೌಂಡ್ ಮೀರಲ್ಲ, ಅಂದ್ರೆ 8 ಅಡಿ ಉದ್ದ 2 ಅಡಿ ಅಗಲಕ್ಕೆ 160 ಪೌಂಡ್. ಕಪ್ಪು ಡಬ್ಬ ಹಳದಿ ಮುಚ್ಚಳ ಬರುತ್ತಲ್ಲ, 27 ಗ್ಯಾಲನ್‌ದು, ಅದರ ತುಂಬ ಪುಸ್ತಕ ತುಂಬಿದ್ರೆ ಒಂದೇ ನೂರು ಪೌಂಡ್ ದಾಟುತ್ತೆ. ಪುಸ್ತಕ ಮೇಲೆ ಬೇಡವೇ ಬೇಡ.

ಜರ್ಸಿಜಗ್ಗ:
ಮೇಲಿನವರು ಹೇಳಿದ್ದು ಗಟ್ಟಿ ಮರದ ಜಾಯಿಸ್ಟ್‌ಗೆ. ಎಷ್ಟೋ ಹೊಸ ಮನೆಗಳಲ್ಲಿ ಇಂಗ್ಲಿಷ್ I ಆಕಾರದ ಐ ಜಾಯಿಸ್ಟ್ ಇರುತ್ತೆ, ನಡುವಿನ ಹಲಗೆ ಬರೀ ತೆಳು ಓಎಸ್‌ಬಿ (ಮರದ ಚಕ್ಕೆ ಅಂಟಿಸಿ ಒತ್ತಿದ್ದು), ಅದಕ್ಕೆ ಸ್ಕ್ರೂ ಹೊಡೆದ್ರೆ ಹಿಡಿತಾನೇ ಇಲ್ಲ, ಕೆಳಗಿನ ಪಟ್ಟಿಯನ್ನಂತೂ ಕೊರೀಬಾರ್ದು. ಅಂಥವ್ರು ಜಾಯಿಸ್ಟ್ ಮಾಡಿದ ಕಂಪನಿ ಗೈಡ್ ನೋಡ್ದೆ ಕೈ ಹಾಕ್ಬೇಡಿ. ಇನ್ನೊಂದು, ಎಲೆಕ್ಟ್ರಿಕ್ ಪ್ಯಾನೆಲ್ ಮುಂದೆ 30 ಇಂಚು ಅಗಲ 36 ಇಂಚು ಆಳ ಜಾಗ ಖಾಲಿ ಇರ್ಲೇಬೇಕು, ಕೋಡ್ ಅದು. ಜಂಕ್ಷನ್ ಬಾಕ್ಸ್, ನೀರಿನ ವಾಲ್ವ್ ಮುಚ್ಚಿಹೋಗಬಾರ್ದು, ಫರ್ನೆಸ್ (ಮನೆ ಬಿಸಿ ಮಾಡೋ ಯಂತ್ರ) ಹೊಗೆ ಪೈಪ್ ಹತ್ರ ಏನೂ ಇಡ್ಬೇಡಿ.

ಚಿಕ್ಕಮಗಳೂರ್‌ಅಕ್ಕ:
ಎಲ್ರೂ ಸ್ಕ್ರೂ ಬಗ್ಗೇನೇ ಮಾತಾಡ್ತಿದೀರಲ್ಲ, ನೀರಿನ ಕಥೆ ಏನು? ಸೂರಿನ ನೀರು ಇಳಿಯೋ ಪೈಪ್ ಗೋಡೆ ಬುಡಕ್ಕೇ ಬೀಳ್ತಿದ್ಯಾ ನೋಡಿ, ಎಕ್ಸ್‌ಟೆನ್ಶನ್ ಹಾಕಿ ದೂರ ಬಿಡಿ, ಸುಮಾರು ಮನೆಗಳಲ್ಲಿ ಅಷ್ಟಕ್ಕೇ ಸರಿಹೋಗುತ್ತೆ. ಮತ್ತೆ ಮಣ್ಣಿನ ಗೊಂಬೆ ಪೆಟ್ಟಿಗೆನ ಏಣಿ ಮೇಲೆ ನಿಂತು ತಲೆ ಮೇಲಿಂದ ಇಳಿಸೋದು ನೆನೆಸ್ಕೊಳ್ಳಿ ತಮ್ಮಾ! ಅವು ಕೆಳಗಿನ ರ‍್ಯಾಕಲ್ಲೇ ಇರ್ಲಿ, ನೆಲದಿಂದ ಗೇಣು ಎತ್ತರದಲ್ಲಿ. ಪಟ್ಟದ ಗೊಂಬೆ ಮರದ್ದಾದ್ರೆ ಬೇಸ್‌ಮೆಂಟೇ ಬೇಡ, ಮೇಲಿನ ಕ್ಲಾಸೆಟ್ಟಲ್ಲಿಡಿ, ಇಲ್ಲಾ ಬೇಸಿಗೆ ಪೂರ್ತಿ ಡಿಹ್ಯುಮಿಡಿಫೈಯರ್ (ಗಾಳಿಯ ತೇವ ಹೀರೋ ಯಂತ್ರ) ಓಡಿಸ್ಬೇಕು.

ಕೊಲಂಬಸ್‌ಕನ್ನಡಿಗ:
ಥ್ಯಾಂಕ್ಸ್ ಅಕ್ಕ, ಪೈಪ್ ನೋಡ್ತೀನಿ. ನಮ್ದು ಗಟ್ಟಿ ಮರದ ಟೂ ಬೈ ಟೆನ್ನೇ. ಸೂಟ್‌ಕೇಸ್, ಮಂಟಪ, ಜಾಕೆಟ್ ಮಾತ್ರ ಮೇಲೆ. ನೆಲದಿಂದ ಜಾಯಿಸ್ಟ್‌ಗೆ ಏಳೂವರೆ ಅಡಿ, ಶೆಲ್ಫ್ 18 ಇಂಚು ಇಳಿದ್ರೆ ಆರೇ ಅಡಿ ಉಳಿಯುತ್ತಲ್ಲ, ಸಾಕಾಗುತ್ತಾ?

ಹವ್ಯಾಸಿಬಡಗಿ:
ಓಡಾಡೋ ಜಾಗದಲ್ಲಾದ್ರೆ ತಲೆ ಹೊಡೆಯುತ್ತೆ. ವಾಷರ್ ಡ್ರೈಯರ್ ಮೇಲ್ಗಡೆ ಇಲ್ಲಾ ಗೋಡೆ ಬದಿ ರ‍್ಯಾಕ್ ಮೇಲೆ ಬರೋ ಹಾಗೆ ಮಾಡಿ, ಅಲ್ಲಿ ಯಾರೂ ನಡೆಯಲ್ಲ. ಮುಂದಿನ ಅಂಚಿಗೆ ಒಂದಿಂಚು ಪಟ್ಟಿ ಹೊಡೀರಿ, ಸೂಟ್‌ಕೇಸ್ ಚಕ್ರ ಉರುಳಿ ಕೆಳಗೆ ಬರಲ್ಲ.