ಡೀಸೆಲ್ ಫಿಲ್ಟರ್ ಬದಲಿಸಿದ ಮೇಲೆ ಬೆಳಿಗ್ಗೆ ಗಾಡಿ ಬೇಗ ಸ್ಟಾರ್ಟ್ ಆಗುತ್ತಿಲ್ಲ

ಪ್ರಶ್ನೆ:
ಮನೆಯಲ್ಲೇ ಡೀಸೆಲ್ ಫಿಲ್ಟರ್ ಬದಲಿಸಿದೆ. ಕಾಮನ್ ರೈಲ್ ಎಂಜಿನ್ (ಭಾರೀ ಒತ್ತಡದ ಡೀಸೆಲ್ ಒಂದೇ ಪೈಪಿನಿಂದ ಎಲ್ಲ ಇಂಜೆಕ್ಟರ್‌ಗಳಿಗೂ ಹೋಗುವ ಬಗೆ). ಟ್ಯಾಂಕಿನೊಳಗೆ ಪಂಪ್ ಇಲ್ಲ, ಕೈಯಲ್ಲಿ ಒತ್ತುವ ಪ್ರೈಮರ್ ಬಲ್ಬ್ ಇದೆ. ಬಲ್ಬ್ ಒತ್ತಿ ಗಾಳಿ ತೆಗೆದೆ, ಗಾಡಿ ಸ್ಟಾರ್ಟ್ ಆಯಿತು. ಓಡಿಸುವಾಗ ಏನೂ ತೊಂದರೆ ಇಲ್ಲ. ಆದರೆ ರಾತ್ರಿಯಿಡೀ ನಿಂತರೆ ಬೆಳಿಗ್ಗೆ ತುಂಬಾ ಹೊತ್ತು ಕ್ರ್ಯಾಂಕ್ ಮಾಡಬೇಕು. ಫಿಲ್ಟರ್ ಸುತ್ತ ಒಂದು ಹನಿ ಡೀಸೆಲ್ ಕೂಡ ಇಲ್ಲ. ಎಂಜಿನ್ನೊಳಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ನೋಡಿಸಬೇಕಾ?

ಉತ್ತರ:
ಇಂಜೆಕ್ಟರ್ ತಂಟೆಗೆ ಈಗಲೇ ಹೋಗಬೇಡಿ. ಫಿಲ್ಟರ್ ಬದಲಿಸಿದ ಮೇಲೆ ಶುರುವಾದ ತೊಂದರೆ, ಹಾಗಾಗಿ ಮೊದಲು ಅಲ್ಲೇ ಹುಡುಕಬೇಕು.

ಹನಿ ಕಾಣಲಿಲ್ಲ ಅಂದರೆ ಲೀಕ್ ಇಲ್ಲ ಅಂತಲ್ಲ. ನಿಮ್ಮ ಗಾಡಿಯಲ್ಲಿ ಎಂಜಿನ್ ಬದಿಯ ಪಂಪ್ ಟ್ಯಾಂಕಿನಿಂದ ಡೀಸೆಲ್ ಹೀರಿಕೊಳ್ಳುತ್ತದೆ. ಫಿಲ್ಟರ್ ಇರುವುದು ಆ ದಾರಿಯಲ್ಲೇ. ಅಲ್ಲಿ ಸಣ್ಣ ಸಂದು ಬಿಟ್ಟರೂ ಡೀಸೆಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಗಾಡಿ ನಿಂತ ಮೇಲೆ ಪೈಪಿನಲ್ಲಿದ್ದ ಡೀಸೆಲ್ ನಿಧಾನಕ್ಕೆ ಟ್ಯಾಂಕಿಗೆ ಇಳಿದುಬಿಡುತ್ತದೆ. ಬೆಳಿಗ್ಗೆ ಪಂಪಿಗೆ ಸಿಗುವುದು ಬರೀ ಗಾಳಿ.

ನಾಳೆ ಕೀ ತಿರುಗಿಸುವ ಮುಂಚೆ ಬಲ್ಬ್ ಮುಟ್ಟಿ ನೋಡಿ. ಮೆತ್ತಗಿದ್ದರೆ ಗಟ್ಟಿಯಾಗುವವರೆಗೆ ಒತ್ತಿ. ಆಮೇಲೆ ತಕ್ಷಣ ಸ್ಟಾರ್ಟ್ ಆದರೆ ಗಾಳಿಯದ್ದೇ ಕೆಲಸ. ಜಾಗ ಹಿಡಿಯಲು ಡೀಸೆಲ್ ತಡೆಯುವ ಪಾರದರ್ಶಕ ಪೈಪಿನ ತುಂಡನ್ನು ಫಿಲ್ಟರ್‌ನ ಮುಂಚೆ ಒಮ್ಮೆ, ನಂತರ ಒಮ್ಮೆ ಹಾಕಿ ಗುಳ್ಳೆ ನೋಡಿ. ಮುಂಚೆಯೇ ಗುಳ್ಳೆ ಬಂದರೆ ಟ್ಯಾಂಕ್ ಕಡೆಯ ಪೈಪ್. ನಂತರ ಮಾತ್ರ ಬಂದರೆ ಫಿಲ್ಟರ್‌ನ ಜೋಡಣೆ.

ಒಂದು ಮಾತು ದಯವಿಟ್ಟು ನೆನಪಿಡಿ. ಹಳೇ ಡೀಸೆಲ್ ಎಂಜಿನ್‌ಗಳಲ್ಲಿ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ ಗಾಳಿ ತೆಗೆಯುತ್ತಿದ್ದರು. ಕಾಮನ್ ರೈಲ್‌ನಲ್ಲಿ ಅದು ಬೇಡವೇ ಬೇಡ. ಅಲ್ಲಿನ ಒತ್ತಡ 1000 ಬಾರ್ ದಾಟುತ್ತದೆ, ಆ ಧಾರೆ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಚಿಕ್ಕದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕಾದಂಥದ್ದು.

ಪ್ರಶ್ನೆ ಕೇಳಿದವರು:
ಬಲ್ಬ್ ಮೆತ್ತಗಿತ್ತು, ಒತ್ತಿದ ಮೇಲೆ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಗುಳ್ಳೆ ಫಿಲ್ಟರ್ ಆದ ಮೇಲೆ ಮಾತ್ರ ಬರುತ್ತಿದೆ. ಎರಡೂ ಪೈಪ್ ಕ್ಲಿಕ್ ಎಂದು ಕೂತಿವೆ. ಇನ್ನೇನು ಉಳಿಯಿತು?

ಉತ್ತರ:
ಫಿಲ್ಟರ್ ತಳದಲ್ಲಿ ನೀರಿನ ಸೆನ್ಸರ್ (ಡೀಸೆಲ್‌ನಲ್ಲಿ ನೀರು ಸೇರಿದ್ದರೆ ತಿಳಿಸುವ ಭಾಗ) ಇದ್ದರೆ ಅದನ್ನು ಬಿಚ್ಚಿ ನೋಡಿ. ಹಳೇ ಫಿಲ್ಟರ್‌ನಿಂದ ತೆಗೆದು ಹೊಸದಕ್ಕೆ ಹಾಕುವ ಭಾಗ ಅದು. ರಬ್ಬರ್ ಓ-ರಿಂಗ್ ವರ್ಷಗಟ್ಟಲೆ ಒಂದೇ ಕಡೆ ಒತ್ತಿ ಚಪ್ಪಟೆಯಾಗಿರುತ್ತದೆ, ಹೊಸ ಜಾಗದಲ್ಲಿ ಸರಿಯಾಗಿ ಕೂರುವುದಿಲ್ಲ. ಹೊಸ ರಿಂಗಿಗೆ ಸ್ವಲ್ಪ ಶುದ್ಧ ಡೀಸೆಲ್ ಸವರಿ ಹಾಕಿ. ಸೆನ್ಸರ್ ಪ್ಲಾಸ್ಟಿಕ್ಕಿನದು, ಜಾಸ್ತಿ ಬಿಗಿ ಮಾಡಬೇಡಿ.

ಪ್ರಶ್ನೆ ಕೇಳಿದವರು:
ಅದೇ! ಫಿಲ್ಟರ್ ಜೊತೆ ಹೊಸ ರಿಂಗ್ ಬಂದಿರಲಿಲ್ಲ. ತಂದು ಹಾಕಿದೆ, ಗುಳ್ಳೆ ನಿಂತಿದೆ. ಈಗ ಬೆಳಿಗ್ಗೆಯೂ ತಕ್ಷಣ ಸ್ಟಾರ್ಟ್ ಆಗುತ್ತಿದೆ.

ಇನ್ನೊಬ್ಬರು:
ನನ್ನದು ಪೆಟ್ರೋಲ್ ಗಾಡಿ. ಫಿಲ್ಟರ್ ಬದಲಿಸಲು ಇದೇ ಕ್ರಮ ಸಾಕಲ್ವಾ?

ಉತ್ತರ:
ಸಾಲದು. ನಿಮ್ಮಲ್ಲಿ ಟ್ಯಾಂಕಿನ ಪಂಪ್ ತಳ್ಳುತ್ತದೆ, ಎಂಜಿನ್ ಆಫ್ ಇದ್ದರೂ ಲೈನಿನಲ್ಲಿ ಒತ್ತಡ ಉಳಿದಿರುತ್ತದೆ. ಎಂಜಿನ್ ಓಡುತ್ತಿರುವಾಗ ಫ್ಯೂಯಲ್ ಪಂಪಿನ ಫ್ಯೂಸ್ ತೆಗೆಯಿರಿ, ತಾನಾಗಿ ನಿಲ್ಲಲಿ. ಎಂಜಿನ್ ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಬಯಲಲ್ಲೇ ಕೆಲಸ ಮಾಡಿ. ಪೈಪ್ ಬಿಚ್ಚುವಾಗ ಬಟ್ಟೆ ಸುತ್ತಿಕೊಳ್ಳಿ, ಸ್ವಲ್ಪ ಪೆಟ್ರೋಲ್ ಬಂದೇ ಬರುತ್ತದೆ. ಫಿಲ್ಟರ್ ಮೇಲಿನ ಬಾಣ ಎಂಜಿನ್ ಕಡೆಗಿರಬೇಕು. ಇತ್ತೀಚಿನ ಎಷ್ಟೋ ಗಾಡಿಗಳಲ್ಲಿ ಫಿಲ್ಟರ್ ಟ್ಯಾಂಕಿನೊಳಗೇ ಇರುತ್ತದೆ, ಮೊದಲು ಮ್ಯಾನುಯಲ್ ನೋಡಿಕೊಳ್ಳಿ.